ಸ್ವಂತ ಉದ್ಯಮ: ಹಲಸಿನ ಚಿಪ್ಸ್‌ನಿಂದ ಎಸಿ ರಿಪೇರಿವರೆಗೆ ಓದುಗರ ಪ್ರಶ್ನೆಗಳು

ಉಡುಪಿ, ದಕ್ಷಿಣ ಕನ್ನಡದಲ್ಲಿ ಹೊಸದಾಗಿ ಉದ್ಯಮಕ್ಕೆ ಇಳಿಯುತ್ತಿರುವವರು ಮತ್ತು ಅವರ ಬೆನ್ನಿಗೆ ನಿಂತಿರುವವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉದಾಹರಣೆಗೆ ಕೊಟ್ಟ ದರಗಳು ಲೆಕ್ಕ ಹಾಕುವ ರೀತಿ ತೋರಿಸಲು ಮಾತ್ರ. ನಿಮ್ಮ ಊರಿನ ದರ ಹಾಕಿ ಮತ್ತೊಮ್ಮೆ ಲೆಕ್ಕ ಮಾಡಿಕೊಳ್ಳಿ.

ಪ್ರಶ್ನೆ: ನನಗೆ 24 ವರ್ಷ, ಬಿ.ಕಾಂ. ಆಗಿದೆ. ಅಮ್ಮ, ಅಕ್ಕನ ಜೊತೆ ಹಲಸಿನ ಚಿಪ್ಸ್ ಮಾಡುತ್ತೇನೆ. ಕೆಜಿಗೆ 250 ರೂಪಾಯಿ ಖರ್ಚು ಬೀಳುತ್ತದೆ. ಅಂಗಡಿಯವರು 300ಕ್ಕೆ ಕೇಳುತ್ತಿದ್ದಾರೆ. 50 ರೂಪಾಯಿ ಲಾಭ ಸಾಕಲ್ಲವೇ? ಇದನ್ನೇ ದೊಡ್ಡದು ಮಾಡಲು ಸಾಲ ತೆಗೆಯಬಹುದೇ? (ಮೂಡುಬಿದಿರೆ)

ಉತ್ತರ: ಸಾಲದ ಮಾತು ಸದ್ಯ ಬದಿಗಿಡಿ. ನಿಮ್ಮ 250ರಲ್ಲಿ ಏನೇನು ಸೇರಿದೆ ನೋಡೋಣ. ಒಂದು ಕೆಜಿ ಚಿಪ್ಸ್‌ಗೆ ಸುಮಾರು 8 ಕೆಜಿ ಇಡೀ ಹಲಸು ಬೇಕಾಯಿತು, ಹಲಸು ಕೆಜಿಗೆ 15 ಎಂದಿಟ್ಟುಕೊಳ್ಳಿ. ಅಲ್ಲಿಗೆ 120 ರೂಪಾಯಿ. ಎಣ್ಣೆ 80, ಗ್ಯಾಸ್ 25, ಉಪ್ಪು ಇತ್ಯಾದಿ 5, 200 ಗ್ರಾಂನ 5 ಪೊಟ್ಟಣಗಳಿಗೆ ಲೇಬಲ್ ಸೇರಿ 20. ಒಟ್ಟು 250. ನೀವು ಹಾಕಿದ ಲೆಕ್ಕ ಬಹುಶಃ ಇದೇ.

ಬಿಟ್ಟು ಹೋದದ್ದು ಕೈಕೆಲಸ. ಹಲಸು ಕೊಯ್ದು, ಮೇಣ ಒರೆಸಿ, ಸೊಳೆ ಬಿಡಿಸಿ, ಹೆಚ್ಚುವುದು ಎಷ್ಟು ಹೊತ್ತಿನ ಕೆಲಸ ಅನ್ನುವುದು ನಿಮ್ಮ ಅಮ್ಮನಿಗೆ ಗೊತ್ತು. ಒಬ್ಬರು ದಿನಕ್ಕೆ 40 ಕೆಜಿ ಹಲಸು ಬಿಡಿಸಿದರೆ ಸಿಗುವುದು 5 ಕೆಜಿ ಚಿಪ್ಸ್. ಕೂಲಿ 600 ಎಂದರೆ ಕೆಜಿಗೆ 120. ಕರೆಂಟು, ಜಾಗದ ಬಾಡಿಗೆ 20. ಹುರಿಯುವುದು, ಪೊಟ್ಟಣ ಕಟ್ಟುವುದು, ಅಂಗಡಿಗೆ ಓಡಾಡುವುದು ನಿಮ್ಮ ಕೆಲಸ, ಅದಕ್ಕೆ ಕೆಜಿಗೆ 60 ಹಿಡಿಯಿರಿ. ನಿಜವಾದ ಖರ್ಚು 450 ಆಯಿತು. ಅಂದರೆ 300ಕ್ಕೆ ಕೊಟ್ಟಾಗ 50 ಲಾಭ ಬರುವುದಿಲ್ಲ, 150 ನಷ್ಟವಾಗುತ್ತದೆ. ಆ ನಷ್ಟವನ್ನು ಈಗ ಅಮ್ಮ, ಅಕ್ಕ ತಮ್ಮ ದುಡಿಮೆಯಿಂದ ತುಂಬುತ್ತಿದ್ದಾರೆ, ಹಾಗಾಗಿ ಕಾಣುತ್ತಿಲ್ಲ. ಸಾಲ ತೆಗೆದು ಇಬ್ಬರು ಕೆಲಸದವರನ್ನು ಇಟ್ಟುಕೊಂಡ ಮೊದಲ ತಿಂಗಳೇ ಅದು ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಚೆನ್ನಾಗಿ ನಡೆದ ಕೆಲಸ ಶೆಡ್ಡಿಗೆ ಹೋದ ಕೂಡಲೇ ಸೋಲುವುದಕ್ಕೆ ಮುಖ್ಯ ಕಾರಣ ಇದು.

ಇನ್ನು ಮಾರುವ ಬೆಲೆ. ಅಂಗಡಿಯವರು ಕಮಿಷನ್ ಕೇಳುವುದು ಎಂಆರ್‌ಪಿ ಮೇಲೆ, ನಿಮ್ಮ ಖರ್ಚಿನ ಮೇಲೆ ಅಲ್ಲ. 200 ಗ್ರಾಂಗೆ 110 ಎಂದು ಬರೆದರೆ ಕೆಜಿಗೆ 550. ಅದರಲ್ಲಿ ಶೇ. 20 ಅಂಗಡಿಗೆ ಹೋದರೆ ನಿಮ್ಮ ಕೈಗೆ 440, ಖರ್ಚಿಗಿಂತ 10 ಕಡಿಮೆ. 130 ಎಂದು ಬರೆದರೆ ಕೆಜಿಗೆ 650, ಅಂಗಡಿ ಕಳೆದು 520. ತಲುಪಿಸುವ ಖರ್ಚು 25, ಮೆತ್ತಗಾಗಿ ವಾಪಸು ಬರುವ ಮಾಲಿಗೆ ಶೇ. 5ರಂತೆ 26 ಕಳೆದರೆ 469. ಕೆಜಿಗೆ 19 ರೂಪಾಯಿ ಉಳಿಯುತ್ತದೆ. ಆ ದರಕ್ಕೆ ಗಿರಾಕಿ ಸಿಗುತ್ತಾರೆಯೇ ಅನ್ನುವುದೇ ಈಗ ತಿಳಿಯಬೇಕಾದ್ದು. ಅದಕ್ಕೆ ಯಂತ್ರ ಬೇಡ. ಇರುವ ಬಾಣಲೆಯಲ್ಲೇ ವಾರಕ್ಕೆ 5 ಕೆಜಿ ಮಾಡಿ, ಒಂದು ತಿಂಗಳು ಬೇರೆ ಬೇರೆ 6 ಅಂಗಡಿಗಳಲ್ಲಿ ಇಡಿ. ಮೊದಲ ಸಲ ಕೊಂಡವರ ಲೆಕ್ಕ ಬೇಡ, ಅವರಲ್ಲಿ ನೆಂಟರು ಇರುತ್ತಾರೆ. ಅಂಗಡಿಯವರೇ ಫೋನ್ ಮಾಡಿ ಎರಡನೇ ಸಲ ತರಿಸಿಕೊಂಡರೇ? ಅದನ್ನು ಬರೆದಿಡಿ.

ಮಾಲಿನ ಬಗ್ಗೆ ಎರಡು ಮಾತು. ಚಿಪ್ಸ್‌ಗೆ ಗಟ್ಟಿ ಸೊಳೆಯ, ಬಲಿತ ಬಕ್ಕೆ ಹಲಸೇ ಆಗಬೇಕು, ಹಣ್ಣಾಗಲು ಶುರುವಾಗಿರಬಾರದು. ಸಕ್ಕರೆ ಏರಿದ ಸೊಳೆ ಎಣ್ಣೆಗೆ ಬಿದ್ದ ಕೂಡಲೇ ಕಂದು ಬಣ್ಣಕ್ಕೆ ತಿರುಗುತ್ತದೆ, ಒಳಗೆ ಮಾತ್ರ ಗರಿಗರಿ ಆಗಿರುವುದಿಲ್ಲ. ಎಣ್ಣೆ 170ರಿಂದ 180 ಡಿಗ್ರಿ ಇರಲಿ. ಒಮ್ಮೆಗೆ ತುಂಬ ಸುರಿದರೆ ಶಾಖ ಇಳಿದು ಚಿಪ್ಸ್ ಎಣ್ಣೆ ಕುಡಿಯುತ್ತದೆ, ಎಣ್ಣೆಯ ಖರ್ಚು ಏರುವುದೂ ಅಲ್ಲೇ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಗೆ ಹುರಿದದ್ದನ್ನು ತಟ್ಟೆಯಲ್ಲಿ ಹರಡಿ ಬಿಡುವಂತಿಲ್ಲ. ಬಿಸಿ ಇಳಿದ ತಕ್ಷಣ ಪ್ಯಾಕ್ ಆಗಬೇಕು. ಬಿಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಹಬೆ ನೀರಾಗಿ ಮೆತ್ತಗಾಗುತ್ತದೆ. ಸೀಲ್ ಸರಿಯಾಗಿದೆಯೇ ಎಂದು ನೋಡಲು ಪೊಟ್ಟಣವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಹಿಂಡಿ. ಒಂದು ಗುಳ್ಳೆ ಬಂದರೂ ಆ ಪೊಟ್ಟಣ 10 ದಿನದಲ್ಲಿ ವಾಪಸು ಬರುತ್ತದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಬಳಸಬೇಡಿ. ಕಮಟು ವಾಸನೆ ಬರುವುದಕ್ಕೆ ಹಳೇ ಎಣ್ಣೆಯೇ ಮೊದಲ ಕಾರಣ. ಕಾಯಿಸಿದ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು (ಎಣ್ಣೆ ಕಾದು ಕೆಡುವಾಗ ಹುಟ್ಟುವ ವಸ್ತುಗಳು) ಶೇ. 25 ದಾಟಬಾರದು ಎಂಬ ನಿಯಮವೂ 2018ರಿಂದ ಇದೆ.

ಪ್ರಶ್ನೆ: ಪಿಎಂಇಜಿಪಿಯಲ್ಲಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ) 5 ಲಕ್ಷದ ಘಟಕಕ್ಕೆ ಎಷ್ಟು ಸಬ್ಸಿಡಿ ಸಿಗುತ್ತದೆ? ಹಣ ಕೈಗೆ ಯಾವಾಗ ಬರುತ್ತದೆ? (ಶಿರ್ವ)

ಉತ್ತರ: ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮೀಣ ಪ್ರದೇಶದಲ್ಲಿ ಶೇ. 25. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರಿಗೆ ನಗರದಲ್ಲಿ ಶೇ. 25, ಗ್ರಾಮೀಣದಲ್ಲಿ ಶೇ. 35. ಸ್ವಂತ ಪಾಲು ಸಾಮಾನ್ಯ ವರ್ಗಕ್ಕೆ ಶೇ. 10, ಉಳಿದವರಿಗೆ ಶೇ. 5. 2022ರ ಪರಿಷ್ಕರಣೆಯ ನಂತರ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚ ಒಪ್ಪುತ್ತಾರೆ. ಶಿರ್ವದಂಥ ಪಂಚಾಯತ್ ವ್ಯಾಪ್ತಿಯ ಮಹಿಳೆಗೆ 5 ಲಕ್ಷದ ಘಟಕದಲ್ಲಿ ಸ್ವಂತ ಪಾಲು 25,000, ಸಬ್ಸಿಡಿ 1,75,000.

ಈಗ ಎರಡನೇ ಪ್ರಶ್ನೆ. ಸಬ್ಸಿಡಿ ನಿಮ್ಮ ಕೈಗೆ ಬರುವುದೇ ಇಲ್ಲ. ಬ್ಯಾಂಕು ಮೊದಲು 4,75,000 ಸಾಲ ಕೊಡುತ್ತದೆ. ಸಬ್ಸಿಡಿ ನಿಮ್ಮ ಹೆಸರಿನ ಠೇವಣಿಯಾಗಿ ಅದೇ ಬ್ಯಾಂಕಿನಲ್ಲಿ 3 ವರ್ಷ ಕೂರುತ್ತದೆ, ಘಟಕ ನಡೆಯುತ್ತಿದೆ ಎಂದು ಪರಿಶೀಲನೆಯಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟು ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಆದ್ದರಿಂದ ‘ಸಬ್ಸಿಡಿ ಬಂದ ಮೇಲೆ ಕೈಸಾಲ ತೀರಿಸುತ್ತೇನೆ’ ಎಂಬ ಭರವಸೆಯಲ್ಲಿ ಶೆಡ್ ಕಟ್ಟಬೇಡಿ. ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವಂತಿಲ್ಲ. ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಈ ಯೋಜನೆ ಇಲ್ಲ, ಹಾಗಾಗಿ ಸಾಲ ಮಂಜೂರಾಗುವ ಮೊದಲೇ ಯಂತ್ರ ಕೊಂಡು ಬಿಲ್ ಹಿಡಿದು ಹೋದವರು ಬರಿಗೈಲಿ ಬರುತ್ತಾರೆ. ಅರ್ಜಿ ಆನ್‌ಲೈನ್‌ನಲ್ಲೇ. ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಒಮ್ಮೆ ಹೋಗಿ ಈಗಿನ ಮಾರ್ಗಸೂಚಿ ಕೇಳಿಕೊಳ್ಳಿ. ಉಡುಪಿಯವರಿಗೆ ಅದು ಮಣಿಪಾಲದಲ್ಲಿದೆ, ಮಂಗಳೂರಿನವರಿಗೆ ಯೆಯ್ಯಾಡಿಯಲ್ಲಿ.

ಪ್ರಶ್ನೆ: ಉಚಿತ ತರಬೇತಿ ಎಲ್ಲಿ ಸಿಗುತ್ತದೆ? ಸರ್ಟಿಫಿಕೇಟ್ ಇದ್ದರೆ ಸಾಲ ಖಚಿತವೇ? (ಕಾರ್ಕಳ)

ಉತ್ತರ: ನಿಮಗೆ ಹತ್ತಿರದಲ್ಲೇ ಇದೆ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯನ್ನು ನೋಡಿಯೇ ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಇಂಥದೇ ಸ್ವ ಉದ್ಯೋಗ ತರಬೇತಿ ಕೇಂದ್ರಗಳಾದ ಆರ್‌ಸೆಟಿಗಳನ್ನು ತೆರೆಸಿತು. ಬ್ರಹ್ಮಾವರದಲ್ಲೂ ರುಡ್‌ಸೆಟ್ ಇದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ, ಕಸುಬಿಗೆ ತಕ್ಕಂತೆ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ. ತರಬೇತಿ ಮುಗಿದ ಮೇಲೆ 2 ವರ್ಷ ಬೆನ್ನುಹತ್ತಿ ವಿಚಾರಿಸುವ ಪದ್ಧತಿಯೂ ಅಲ್ಲಿದೆ. ಜನ ಅತಿ ಕಡಿಮೆ ಬಳಸಿಕೊಳ್ಳುವುದು ಇದನ್ನೇ. ಫೋನ್ ಬಂದಾಗ ‘ನಡೀತಾ ಇದೆ ಸಾರ್’ ಎಂದು ಇಟ್ಟುಬಿಡಬೇಡಿ. ಯಂತ್ರ ಕೆಟ್ಟಿದೆ, ಉದ್ರಿ ಬರುತ್ತಿಲ್ಲ, ಬ್ಯಾಂಕು ಸತಾಯಿಸುತ್ತಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕರೆ ಮಾಡುವುದೇ ಅದಕ್ಕಾಗಿ.

ಸರ್ಟಿಫಿಕೇಟ್‌ನಿಂದ ಸಾಲ ಖಚಿತವಾಗುವುದಿಲ್ಲ. ಅರ್ಜಿಗೆ ಒಂದು ಬಲ ಸಿಗುತ್ತದೆ, ಅಷ್ಟೆ.

ಪ್ರಶ್ನೆ: ಮಲ್ಪೆಯಿಂದ ಮೀನು ತಂದು, ಶುಚಿ ಮಾಡಿ, ಉಡುಪಿ ಮತ್ತು ಮಣಿಪಾಲದ ಮನೆಗಳಿಗೆ ತಲುಪಿಸುವ ಯೋಜನೆ ಹಾಕಿಕೊಂಡಿದ್ದೇನೆ. 5 ಲಕ್ಷ ಸಾಲಕ್ಕೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟನ್ನು ಬ್ಯಾಂಕಿನವರು ಎರಡು ಸಲ ವಾಪಸು ಮಾಡಿದ್ದಾರೆ. ಕಾರಣ ಹೇಳುವುದಿಲ್ಲ. (ಮಲ್ಪೆ)

ಉತ್ತರ: ನೀವು ಕಳಿಸಿದ ರಿಪೋರ್ಟಿನ ಪ್ರತಿಯಲ್ಲಿ ಎದ್ದು ಕಾಣುವ ತಪ್ಪು ಒಂದಿದೆ. 12 ತಿಂಗಳಿಗೂ ಒಂದೇ ಆದಾಯ ತೋರಿಸಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ ಅನ್ನುವುದು ಮಲ್ಪೆಯ ಸುತ್ತಮುತ್ತ ಸಾಲ ಕೊಡುವ ಅಧಿಕಾರಿಗೆ ಗೊತ್ತಿಲ್ಲದ ವಿಷಯವೇ? ಆ ಒಂದು ಪುಟ ನೋಡಿದರೆ ಸಾಕು, ರಿಪೋರ್ಟ್ ಯಾರೋ ಬರೆದುಕೊಟ್ಟದ್ದು, ಅರ್ಜಿದಾರ ಓದಿಯೇ ಇಲ್ಲ ಎಂದು ಗೊತ್ತಾಗುತ್ತದೆ.

ತಿಂಗಳುವಾರು ಬೇರೆ ಬೇರೆ ಬರೆಯಿರಿ. ಜೂನ್, ಜುಲೈಯಲ್ಲಿ ನಾಡದೋಣಿಯ ಮೀನು, ಒಣಮೀನು, ಸಿಗಡಿ ಚಟ್ನಿಯಿಂದ ಎಷ್ಟು ಬರಬಹುದು, ಶ್ರಾವಣದಲ್ಲಿ ಮೀನು ಬಿಡುವ ಮನೆಗಳಿಂದ ಎಷ್ಟು ಇಳಿಯುತ್ತದೆ ಎಂದು ನಿಮ್ಮ ಅಂದಾಜನ್ನೇ ಹಾಕಿ. ಕಡಿಮೆ ತೋರಿಸಿದರೆ ಸಾಲ ಸಿಗುವುದಿಲ್ಲ ಎಂಬ ಭಯ ಬೇಡ. ಬ್ಯಾಂಕು ನೋಡುವುದು ವರ್ಷದ ಉಳಿತಾಯ ಆ ವರ್ಷದ ಕಂತು ಮತ್ತು ಬಡ್ಡಿಯ ಒಂದೂವರೆ ಪಟ್ಟಾದರೂ ಇದೆಯೇ ಅನ್ನುವುದನ್ನು.

ಕಂತಿನ ಲೆಕ್ಕ ಹೀಗೆ. 5 ಲಕ್ಷ, ಶೇ. 11 ಬಡ್ಡಿ, 5 ವರ್ಷ ಎಂದಾದರೆ ತಿಂಗಳ ಕಂತು ಸುಮಾರು 10,870. ವರ್ಷಕ್ಕೆ 1,30,000 ದಾಟುತ್ತದೆ. ಗಳಿಕೆ ಇರುವುದು 10 ತಿಂಗಳು, ಆದ್ದರಿಂದ ತಿಂಗಳಿಗೆ 13,000 ಎತ್ತಿಡಬೇಕು. 26 ದಿನ ಕೆಲಸ ಎಂದರೆ ದಿನಕ್ಕೆ 500. ಇದಕ್ಕೆ ನಮ್ಮ ಊರಿನ ಹಳೇ ಉಪಾಯವೇ ಇದೆ, ಪಿಗ್ಮಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಕೂಡಿಸಲು ಶುರು ಮಾಡಿದ್ದು ದಿನದ ದುಡಿಮೆಯವರಿಗಾಗಿಯೇ. ದಿನ 500 ಪಿಗ್ಮಿಗೆ ಹಾಕಿ, ಕಂತು ಅದರಿಂದ ಕಟ್ಟಿ. ಮೇ ಕೊನೆಗೆ ಎರಡು ಕಂತು ಖಾತೆಯಲ್ಲಿ ಉಳಿದಿರಬೇಕು. ಈ ಏರ್ಪಾಡನ್ನು ರಿಪೋರ್ಟಿನಲ್ಲೇ ಒಂದು ಸಾಲಾಗಿ ಬರೆಯಿರಿ. ಸಾಲವನ್ನು ಆಗಸ್ಟ್ ಹೊತ್ತಿಗೆ ಪಡೆಯುವಂತೆ ಅರ್ಜಿ ಹಾಕಿ. ಏಪ್ರಿಲ್‌ನಲ್ಲಿ ಪಡೆದರೆ ವ್ಯಾಪಾರ ಕುದುರುವ ಮೊದಲೇ ಕಡಲು ಮುಚ್ಚುತ್ತದೆ.

ಮತ್ತೊಂದು ಕಾರಣವೂ ಇರಬಹುದು. ಮೊಬೈಲ್ ಕಂತು, ಬೈಕ್ ಸಾಲ, ಆ್ಯಪ್ ಸಾಲದಲ್ಲಿ ಯಾವುದಾದರೂ ಚೆಕ್ ಅಥವಾ ಮ್ಯಾಂಡೇಟ್ (ಖಾತೆಯಿಂದ ತಾನಾಗಿ ಕಡಿತವಾಗುವ ಕಂತು) ಬೌನ್ಸ್ ಆಗಿದೆಯೇ? ಕ್ರೆಡಿಟ್ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತೆಗೆಯಬಹುದು, ಅರ್ಜಿಗೆ ಮೊದಲು ತೆಗೆದು ನೋಡಿ. ತೀರಿಸಿದ ಸಾಲ ಬಾಕಿ ಎಂದೇ ಕಾಣುತ್ತಿದ್ದರೆ ತಿದ್ದಿಸಿಕೊಳ್ಳಿ. 5 ಲಕ್ಷದವರೆಗೆ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲೂ ಕೇಳಬಹುದು, ಅದಕ್ಕೆ ಅಡಮಾನ ಬೇಡ.

ಪ್ರಶ್ನೆ: ಮಗ ಕೆಲಸ ಬಿಟ್ಟು ಅಡಿಕೆ ಹಾಳೆತಟ್ಟೆ ಘಟಕ ಹಾಕುತ್ತಾನಂತೆ. ಯಂತ್ರ ಮಾರುವವರೇ ತಟ್ಟೆಗಳನ್ನು ವಾಪಸು ಕೊಳ್ಳುತ್ತಾರೆ, ವಿದೇಶಕ್ಕೆ ಹೋಗುತ್ತದೆ ಎನ್ನುತ್ತಾನೆ. ನಂಬಬಹುದೇ? (ಹೆಬ್ರಿ)

ಉತ್ತರ: ಯಂತ್ರದ ಜೊತೆ ಬರುವ ಮರುಖರೀದಿ ಮಾತನ್ನು ನಂಬಿ ಸಾಲ ಮಾಡಬೇಡಿ. ಅಂಥ ಒಪ್ಪಂದಗಳಲ್ಲಿ ‘ಗುಣಮಟ್ಟಕ್ಕೆ ಒಳಪಟ್ಟು’ ಎಂಬ ಒಂದು ಮಾತು ಇರುತ್ತದೆ. ಮೂರನೇ ಲೋಡಿಗೆ ತಟ್ಟೆಯಲ್ಲಿ ಕಲೆ ಇದೆ, ದಪ್ಪ ಸಾಲದು ಎಂದು ನಿರಾಕರಿಸಲು ಅದೇ ಸಾಕು. ಒಪ್ಪಂದದಲ್ಲಿ ದರ, ತಿಂಗಳ ಪ್ರಮಾಣ, ಹಣ ಕೊಡುವ ಅವಧಿ, ತಿರಸ್ಕರಿಸಲು ಅಳತೆ ಏನು ಎಂಬ ನಾಲ್ಕೂ ಅಂಕಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಅವರಿಂದ ಎರಡು ವರ್ಷದ ಹಿಂದೆ ಯಂತ್ರ ಕೊಂಡ ಮೂವರ ಘಟಕಕ್ಕೆ ಮಗನನ್ನು ಕಳಿಸಿ, ಯಂತ್ರ ಓಡುತ್ತಿದೆಯೇ ನೋಡಿ ಬರಲಿ.

ವಿದೇಶದ ವಿಷಯದಲ್ಲಿ ಒಂದು ಸಂಗತಿ ಗೊತ್ತಿರಲಿ. 2025ರ ಮೇಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದು ಎಂಬ ಕಾರಣಕ್ಕೆ ಅವುಗಳ ಬಳಕೆಗೆ ಆಕ್ಷೇಪ ಎತ್ತಿತು. ಅಮೆರಿಕದ ಬೇಡಿಕೆಯನ್ನೇ ನಂಬಿ ಹಾಕಿದ ಲೆಕ್ಕ ಈಗ ನಡೆಯುವುದಿಲ್ಲ. ನಮ್ಮಲ್ಲಿನ ಮದುವೆ, ಬ್ರಹ್ಮಕಲಶ, ಅಡುಗೆ ಗುತ್ತಿಗೆದಾರರನ್ನು ನೋಡಿಕೊಂಡು ಲೆಕ್ಕ ಹಾಕಲಿ.

ಕೆಲಸದಲ್ಲಿ ಸೋಲು ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ. ಹಾಳೆ ಬೀಳುವುದು ಬೇಸಿಗೆಯಲ್ಲಿ. ಮಳೆ ಹಿಡಿಯುವ ಮೊದಲು ವರ್ಷಕ್ಕೆ ಬೇಕಾದಷ್ಟು ಒಣಹಾಳೆ ಕೂಡಿಸಿ, ನೆಲಕ್ಕೆ ತಾಗದಂತೆ ಅಟ್ಟದಲ್ಲಿ ಇಡಬೇಕು. ಅದಕ್ಕೆ ಒಮ್ಮೆಗೇ ದುಡ್ಡು ಬೇಕು, ಈ ದುಡಿಮೆ ಬಂಡವಾಳವನ್ನು ಪ್ರಾಜೆಕ್ಟಿನಲ್ಲಿ ಮರೆಯುವವರೇ ಜಾಸ್ತಿ. ಒತ್ತುವ ಮೊದಲು ಹಾಳೆ ನೆನೆಸುವುದರಿಂದ ಒಳಗೆ ನೀರು ಉಳಿಯುತ್ತದೆ. ಅಚ್ಚಿನ ಬಿಸಿ ಸಾಲದಿದ್ದರೆ, ಅಥವಾ ಲೆಕ್ಕ ಹೆಚ್ಚಿಸಲು ಬೇಗ ತೆಗೆದರೆ, ತಟ್ಟೆ ನೋಡಲು ಸರಿ ಇದ್ದರೂ ಕಟ್ಟಿನೊಳಗೆ ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಒತ್ತಿದ ತಟ್ಟೆಗಳನ್ನು ಮತ್ತೆ ಒಣಗಿಸುವ ವ್ಯವಸ್ಥೆ ಇಲ್ಲದ ಘಟಕ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಡೆಯದು.

ಮಗನಿಗೆ ಬೇಡ ಎನ್ನಬೇಡಿ. ಕೆಲಸ ಬಿಡುವ ಮೊದಲು ಒಂದು ತಿಂಗಳು ಬೇರೆಯವರ ಘಟಕದಲ್ಲಿ ರಜೆಯ ದಿನಗಳಲ್ಲಿ ದುಡಿಯಲಿ ಎನ್ನಿ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ನಮ್ಮ ಯುವಕ ಮಂಡಲದಿಂದ 6 ಹುಡುಗ ಹುಡುಗಿಯರಿಗೆ ತರಬೇತಿ ಕೊಡಿಸಿದೆವು. ವರ್ಷದೊಳಗೆ ಮೂವರು ಅಂಗಡಿ ಮುಚ್ಚಿದರು. ಉಳಿದವರ ಬೆನ್ನಿಗೆ ನಿಲ್ಲಬೇಕೆಂದಿದೆ. ಏನು ಮಾಡಬೇಕು, ಏನು ಮಾಡಬಾರದು? (ಮಣಿಪಾಲ)

ಉತ್ತರ: ಈ ಪತ್ರ ನಮಗೆ ತುಂಬ ಬೇಕಾದ್ದು. ತರಬೇತಿ ಕೊಡಿಸುವವರು ಇದ್ದಾರೆ, ಸಾಲ ಕೊಡಿಸುವವರೂ ಇದ್ದಾರೆ. ಅಂಗಡಿ ತೆರೆದ ನಂತರದ 18 ತಿಂಗಳು ವಾರಕ್ಕೊಮ್ಮೆ ಬಂದು ಕೂರುವವರು ಕಡಿಮೆ, ಹುಡುಗರು ಸೋಲುವುದು ಆ ಅವಧಿಯಲ್ಲೇ.

ಒಬ್ಬರು ಮೂವರಿಗಿಂತ ಹೆಚ್ಚು ಜನರನ್ನು ವಹಿಸಿಕೊಳ್ಳಬೇಡಿ. ಮೊದಲ 6 ತಿಂಗಳು ವಾರಕ್ಕೊಮ್ಮೆ, ನಿಗದಿಯಾದ ದಿನ, 45 ನಿಮಿಷ. ನಿಮ್ಮ ಮನೆಗೆ ಕರೆಸಬೇಡಿ, ಅವರ ಅಂಗಡಿಗೇ ಹೋಗಿ. ಮೂಲೆಯಲ್ಲಿ ಧೂಳು ಹಿಡಿದ ಮಾಲು, ಗಿರಾಕಿ ಬಂದಾಗ ಹುಡುಗ ಮೊಬೈಲ್‌ನಿಂದ ತಲೆ ಎತ್ತುತ್ತಾನೋ ಇಲ್ಲವೋ ಅನ್ನುವುದು ನಿಮ್ಮ ಜಗಲಿಯಲ್ಲಿ ಕಾಣುವುದಿಲ್ಲ. ‘ವ್ಯಾಪಾರ ಹೇಗಿದೆ’ ಎಂದು ಕೇಳಬೇಡಿ. ‘ಪರವಾಗಿಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ‘ಈ ವಾರ ಯಾರಿಗೆಲ್ಲ ದುಡ್ಡು ಕೊಡಬೇಕು, ಯಾರಿಂದ ಬರಬೇಕು’ ಎಂದು ಕೇಳಿ.

ಮೊದಲ 15 ನಿಮಿಷ ಲೆಕ್ಕದ ಪುಸ್ತಕಕ್ಕೇ ಇರಲಿ. ಒಂದು ದಿನದ ಪುಟ ಹೀಗಿದೆ ಎಂದುಕೊಳ್ಳಿ: ಬೆಳಿಗ್ಗೆ ಡ್ರಾಯರಿನಲ್ಲಿ 1,240. ನಗದು ಮಾರಾಟ 1,850. ಯುಪಿಐ 2,310. ಉದ್ರಿ 700. ನಗದು ಕೊಟ್ಟು ತಂದ ಮಾಲು 1,900. ಮನೆಗೆ ತೆಗೆದದ್ದು 300. ಸಂಜೆ ಡ್ರಾಯರಿನಲ್ಲಿ 890 ಇರಬೇಕು. ಎಣಿಸಿದಾಗ 640 ಇದೆ. ಹೋದ 250 ಎಲ್ಲಿ? ವಿಚಾರಿಸಿದರೆ ಪೆಟ್ರೋಲ್ ಎನ್ನುತ್ತಾರೆ, ಗೆಳೆಯನಿಗೆ ಕೊಟ್ಟೆ ಎನ್ನುತ್ತಾರೆ. ಬೈಯಬೇಡಿ, ಬರೆಸಿ. ನಾಲ್ಕು ವಾರ ಬರೆದರೆ ಪೆಟ್ರೋಲ್ ಎಂಬ ಖರ್ಚು ಬೆಲೆ ಪಟ್ಟಿಯಲ್ಲಿ ಸೇರಿಲ್ಲ ಅನ್ನುವುದು ಹುಡುಗನಿಗೇ ಹೊಳೆಯುತ್ತದೆ. ಯುಪಿಐ ಹಣ ಅಪ್ಪನ ಖಾತೆಗೋ ಸ್ವಂತ ಉಳಿತಾಯ ಖಾತೆಗೋ ಹೋಗುತ್ತಿದ್ದರೆ ಅಂದೇ ಬದಲಿಸಿ, ವ್ಯಾಪಾರಕ್ಕೆ ಬೇರೆ ಖಾತೆ ಇರಲಿ. ಮನೆಗೆ ಬೇಕಾದಾಗಲೆಲ್ಲ ತೆಗೆಯುವುದರ ಬದಲು ತಿಂಗಳಿಗೆ ಇಷ್ಟು ಎಂದು ಸಂಬಳ ಗೊತ್ತು ಮಾಡಿ, 3,000 ಆದರೂ ಸರಿ.

ಉದ್ರಿಯನ್ನು ಮೂರು ಗುಂಪು ಮಾಡಿಸಿ: 15 ದಿನದೊಳಗಿನದು, 30 ದಿನದೊಳಗಿನದು, ಅದಕ್ಕೂ ಹಳೆಯದು. ಮೂರನೇ ಗುಂಪಿನವರಿಗೆ ಹೊಸ ಮಾಲು ನಿಲ್ಲಿಸಬೇಕು. ಊರಿನಲ್ಲಿ ಇದು ಸುಲಭವಲ್ಲ, ಕೇಳಬೇಕಾದವರು ದೊಡ್ಡಪ್ಪನೋ ಕಂಬಳದ ಗೆಳೆಯನೋ ಆಗಿರುತ್ತಾರೆ. ಇಲ್ಲಿ ನಿಮ್ಮ ಹೆಸರು ಉಪಯೋಗಕ್ಕೆ ಬರಲಿ. ‘ಸಾರ್ ಪ್ರತಿ ವಾರ ಪುಸ್ತಕ ನೋಡ್ತಾರೆ, ಬಾಕಿ ಇಟ್ಟರೆ ನನಗೆ ಬೈಗುಳ’ ಎಂದು ಹೇಳಲು ಹುಡುಗನಿಗೆ ಒಪ್ಪಿಗೆ ಕೊಡಿ.

ಉಳಿದ ಅರ್ಧ ಗಂಟೆಯಲ್ಲಿ ಕಳೆದ ವಾರ ಗೊತ್ತು ಮಾಡಿದ್ದು ಆಯಿತೇ ಎಂದು ನೋಡಿ, ಬರುವ ವಾರಕ್ಕೆ ಒಂದೇ ಒಂದು ಕೆಲಸ ಗೊತ್ತು ಮಾಡಿ. ಐದು ಸಲಹೆ ಕೊಟ್ಟರೆ ಒಂದೂ ಆಗುವುದಿಲ್ಲ. ಆ ಒಂದನ್ನು ಇಬ್ಬರ ಪುಸ್ತಕದಲ್ಲೂ ಬರೆಯಿರಿ. ಹೊಸ ಅಂಗಡಿಗಳಿಗೆ ಮಾಲು ತೋರಿಸಲು ಮೊದಲ ಮೂರು ಸಲ ಜೊತೆಗೆ ಹೋಗಬಹುದು. ಆದರೆ ಮಾತಾಡುವುದು ಅವರೇ ಆಗಬೇಕು. ಹೊರಗೆ ಬಂದ ಮೇಲೆ ಎಲ್ಲಿ ತಡವರಿಸಿದರು ಎಂದು ಹೇಳಿ.

ಮಾಡಬಾರದ್ದು: ಕೈಸಾಲ ಕೊಡಬೇಡಿ, ಜಾಮೀನು ನಿಲ್ಲಬೇಡಿ. ದುಡ್ಡು ನಡುವೆ ಬಂದ ದಿನದಿಂದ ಹುಡುಗ ನಿಮ್ಮಿಂದ ನಷ್ಟ ಮುಚ್ಚಿಡಲು ತೊಡಗುತ್ತಾನೆ. ನಿಮ್ಮ ನೆಂಟರ ಅಂಗಡಿಯಿಂದಲೇ ಮಾಲು ತರಲು ಹೇಳಬೇಡಿ. ಕಸುಬಿನ ತಂತ್ರ ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿದೆ ಎಂದು ತೋರಿಸಿಕೊಳ್ಳದೆ, ಗೊತ್ತಿರುವ ಒಬ್ಬರನ್ನು ತಿಂಗಳಿಗೊಮ್ಮೆ ಕರೆದುಕೊಂಡು ಹೋಗಿ. ನಿಮ್ಮ ಕಾಲದಲ್ಲಿ ಹೀಗಿತ್ತು ಎಂಬ ಮಾತು ಆದಷ್ಟು ಕಡಿಮೆ ಇರಲಿ.

ಎರಡು ವಾರ ಸತತವಾಗಿ ‘ಪುಸ್ತಕ ಮನೆಯಲ್ಲಿ ಉಳಿಯಿತು’ ಎಂದರೆ ಎಚ್ಚರ ವಹಿಸಿ. ಹೆಚ್ಚಾಗಿ ಎಲ್ಲೋ ಮೀಟರ್ ಬಡ್ಡಿಗೋ ಆ್ಯಪ್‌ನಲ್ಲೋ ಸಾಲ ಎತ್ತಿರುತ್ತಾರೆ. ಏಕಾಂತದಲ್ಲಿ, ಮನೆಯವರ ಎದುರು ಅಲ್ಲ, ನೇರವಾಗಿ ಕೇಳಿ.

ನಿಲ್ಲಿಸುವ ಗೆರೆಯನ್ನೂ ಶುರುವಿನಲ್ಲೇ ಎಳೆಯಿರಿ. ‘ಹಾಕಿದ ಬಂಡವಾಳದಲ್ಲಿ 60,000 ಕರಗಿದರೆ, ಇಲ್ಲವೇ 9 ತಿಂಗಳಾದರೂ ಸಂಬಳ ಹುಟ್ಟದಿದ್ದರೆ ಕೂತು ಮಾತಾಡುವುದು’ ಎಂದು ಅಂಕಿ ಹಾಕಿ ಬರೆದು ಇಬ್ಬರೂ ಸಹಿ ಮಾಡಿ. ಮುಚ್ಚಿದ ಆ ಮೂವರನ್ನೂ ಬಿಡಬೇಡಿ. ಅವರ ಪುಸ್ತಕ ಇದ್ದರೆ ತರಿಸಿ ಓದಿ, ಏನಾಯಿತು ಎಂದು ಉಳಿದ ಮೂವರ ಎದುರು ಅವರೇ ಹೇಳಲಿ. ಅವರಲ್ಲಿ ಒಬ್ಬರಿಗಾದರೂ ಮತ್ತೆ ಶುರು ಮಾಡುವ ಮನಸ್ಸಿರುತ್ತದೆ.

ಚುಟುಕು ಪ್ರಶ್ನೆಗಳು

ಉದ್ಯಮ್ ನೋಂದಣಿಗೆ 2,500 ಕೇಳುತ್ತಿದ್ದಾರೆ (ಸುರತ್ಕಲ್): ಸರ್ಕಾರಿ ಪೋರ್ಟಲ್‌ನಲ್ಲಿ ಸಣ್ಣ ಉದ್ಯಮಗಳ ಈ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇದ್ದರೆ ನೀವೇ ಮಾಡಬಹುದು. ಸರ್ಕಾರಿ ಪೋರ್ಟಲನ್ನೇ ಹೋಲುವ ಖಾಸಗಿ ತಾಣಗಳಲ್ಲಿ ಹಣ ಕಟ್ಟಬೇಡಿ.

ಜಿಎಸ್‌ಟಿ ಬೇಕೇ (ಕುಂದಾಪುರ): ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ವಹಿವಾಟು ದಾಟುವವರೆಗೆ ಕಡ್ಡಾಯವಲ್ಲ. ಕಾಸರಗೋಡಿಗೆ ಮಾಲು ಕಳಿಸುತ್ತೀರಾದರೆ ಅದು ಬೇರೆ ರಾಜ್ಯ, ನಿಯಮವೂ ಬೇರೆ.

ಮನೆಯಲ್ಲೇ ಮಾಡಿದ ಉಪ್ಪಿನಕಾಯಿಗೆ ಲೇಬಲ್ (ಕಟೀಲು): ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಮೂಲ ನೋಂದಣಿಯ 14 ಅಂಕಿಯ ಸಂಖ್ಯೆ, ಹೆಚ್ಚಿನ ಪ್ರಮಾಣದಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಪದಾರ್ಥಗಳು, ಹಸಿರು ಗುರುತು, ನಿವ್ವಳ ತೂಕ, ತಯಾರಾದ ದಿನ, ಯಾವಾಗಿನವರೆಗೆ ಬಳಸಬಹುದು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ನಿಮ್ಮ ಪೂರ್ಣ ವಿಳಾಸ, ದೂರು ಹೇಳಲು ಫೋನ್. 5,000 ಲೇಬಲ್ ಒಮ್ಮೆಗೇ ಅಚ್ಚು ಹಾಕಿಸಬೇಡಿ. ಬೆಲೆಯೋ ತೂಕವೋ ಬದಲಾದರೆ ಎಲ್ಲವೂ ಕಸ.

ಬಲೆ ಹೆಣೆಯುವವರಿಗೆ ಯೋಜನೆ ಇದೆಯೇ (ಗಂಗೊಳ್ಳಿ): ಇದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮದ 18 ಕಸುಬುಗಳಲ್ಲಿ ಮೀನುಬಲೆ ತಯಾರಿ, ದೋಣಿ ಕಟ್ಟುವುದು ಎರಡೂ ಸೇರಿವೆ. ಉಪಕರಣಕ್ಕೆ 15,000 ನೆರವು, ಮೊದಲು 1 ಲಕ್ಷ ಸಾಲ, ಅದನ್ನು ಸರಿಯಾಗಿ ತೀರಿಸಿದವರಿಗೆ 2 ಲಕ್ಷ, ಶೇ. 5 ಬಡ್ಡಿಗೆ. ಒಂದು ಕುಟುಂಬಕ್ಕೆ ಒಬ್ಬರು.

ಪ್ರಶ್ನೆ: ಐಟಿಐ ಮುಗಿಸಿದ ನಾವಿಬ್ಬರು ಗೆಳೆಯರು ಮಂಗಳೂರಿನಲ್ಲಿ ಎಸಿ, ಫ್ರಿಜ್ ರಿಪೇರಿ ಶುರು ಮಾಡುತ್ತಿದ್ದೇವೆ. ಇಬ್ಬರದೂ ತಲಾ ಒಂದೂವರೆ ಲಕ್ಷ. ಒಪ್ಪಂದ ಬರೆಸುವುದು ಅಪನಂಬಿಕೆ ತೋರಿಸಿದ ಹಾಗಲ್ಲವೇ? (ಕದ್ರಿ)

ಉತ್ತರ: ಗೆಳೆತನ ಉಳಿಯಬೇಕೆಂದರೆ ಬರೆಸಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮಪಾಲು. ಒಬ್ಬ ದಿನಕ್ಕೆ ಆರು ಮನೆ ಹತ್ತಿ ಇಳಿದು, ಇನ್ನೊಬ್ಬ ಅಂಗಡಿಯಲ್ಲಿ ಕೂತಾಗ ಮೂರನೇ ತಿಂಗಳಿಗೆ ಅಸಮಾಧಾನ ಮೂಡುವುದು ಸಹಜ. ದುಡಿಮೆಗೆ ಬೇರೆ ಸಂಬಳ, ಬಂಡವಾಳಕ್ಕೆ ಬೇರೆ ಪಾಲು ಎಂದು ಬರೆಯಿರಿ. ಸಂಸ್ಥೆಯ ಸಾಲಕ್ಕೆ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ವಸೂಲಿ ಮಾಡಬಹುದು, ಆದ್ದರಿಂದ 10,000 ಮೀರಿದ ಯಾವುದೇ ಉದ್ರಿ ಖರೀದಿಗೆ ಇಬ್ಬರ ಸಹಿ ಬೇಕು ಎಂದು ಸೇರಿಸಿ. ಪಾಲುದಾರಿಕೆಯನ್ನು ನೋಂದಾಯಿಸದಿದ್ದರೆ ಬಾಕಿದಾರರ ಮೇಲೆ ಸಂಸ್ಥೆಯ ಹೆಸರಿನಲ್ಲಿ ದಾವೆ ಹೂಡಲಾಗದು, ಅದನ್ನೂ ಮಾಡಿಸಿ.

ಮೂರು ಲಕ್ಷದಲ್ಲಿ ಅಂಗಡಿಯ ಮುಂಗಡ, ಬೋರ್ಡಿಗೆ ಕಡಿಮೆ ಸುರಿಯಿರಿ. ನಿಮ್ಮ ಗಿರಾಕಿ ಅಂಗಡಿಗೆ ಬರುವವರಲ್ಲ. ವ್ಯಾಕ್ಯೂಮ್ ಪಂಪ್, ಮೈಕ್ರಾನ್ ಗೇಜ್, ಗ್ಯಾಸ್ ತೂಗುವ ತಕ್ಕಡಿ, ಒಳ್ಳೆಯ ಫ್ಲೇರಿಂಗ್ ಟೂಲ್ ಮೊದಲು ಬರಲಿ. ವ್ಯಾಕ್ಯೂಮ್ ಎಳೆಯದೆ, ತೂಕ ನೋಡದೆ ಬರೀ ಪ್ರೆಶರ್ ನೋಡಿ ಗ್ಯಾಸ್ ತುಂಬಿದ ಎಸಿ ಮರಳಿ ದೂರಾಗಿ ಬರುತ್ತದೆ. ಆ ಎರಡನೇ ಭೇಟಿಗೆ ಯಾರೂ ದುಡ್ಡು ಕೊಡುವುದಿಲ್ಲ. ಎಸಿಯಲ್ಲಿ ತುಂಬುವ ಆರ್-32 ಅನಿಲಕ್ಕೆ ಬೆಂಕಿ ಹತ್ತುವ ಗುಣವಿದೆ, ಬ್ರೇಜಿಂಗ್‌ಗೆ ಮೊದಲು ಲೈನ್ ಪೂರ್ತಿ ಖಾಲಿ ಮಾಡಿ ನೈಟ್ರೋಜನ್ ಹಾಯಿಸಿ.

ಈ ಕೆಲಸಕ್ಕೆ ಫೆಬ್ರುವರಿಯಿಂದ ಮೇವರೆಗೆ ಕೈ ಬಿಡುವಿಲ್ಲ, ಜೂನ್‌ನಿಂದ ಫೋನೇ ಇಲ್ಲ. ಮಾರ್ಚ್‌ನಲ್ಲಿ ಸರ್ವೀಸ್‌ಗೆ ಹೋದ ಪ್ರತಿ ಮನೆಯಲ್ಲೂ ವಾರ್ಷಿಕ ನಿರ್ವಹಣಾ ಒಪ್ಪಂದದ ಮಾತೆತ್ತಿ. ಪಣಂಬೂರು, ತಣ್ಣೀರುಬಾವಿ, ಉಳ್ಳಾಲದಂಥ ಕಡಲ ಪಕ್ಕದ ಮನೆಗಳಲ್ಲಿ ಉಪ್ಪುಗಾಳಿಗೆ ಹೊರಘಟಕದ ಫಿನ್‌ಗಳು ಬೇಗ ಪುಡಿಯಾಗುತ್ತವೆ. ಅಲ್ಲಿ ಸಿಹಿನೀರಿನಲ್ಲಿ ಕಾಯಿಲ್ ತೊಳೆಯುವ ಭೇಟಿಯನ್ನು ವರ್ಷಕ್ಕೆ ನಾಲ್ಕು ಮಾಡಿ, ಅದರಲ್ಲಿ ಎರಡನ್ನು ಮಳೆ ಬಿಡುವು ಕೊಟ್ಟ ದಿನಗಳಿಗೆ ಗೊತ್ತು ಮಾಡಿ. ಮಳೆಗಾಲದ ಆಟಿ ತಿಂಗಳಲ್ಲಿ ಅಂಗಡಿ ಬಾಡಿಗೆ ಆ ಹಣದಿಂದಲೇ ಹುಟ್ಟಬೇಕು.

ಒಪ್ಪಂದದ ಕೊನೆಯ ಕಲಮು ಇಬ್ಬರಲ್ಲಿ ಒಬ್ಬರು ಹೊರಡುವ ಬಗ್ಗೆ ಇರಲಿ: ಗಲ್ಫಿಗೆ ಕೆಲಸ ಸಿಕ್ಕಿತೆಂದು ಒಬ್ಬ ಹೊರಟರೆ ಎಷ್ಟು ತಿಂಗಳ ಮೊದಲು ಹೇಳಬೇಕು, ಉಪಕರಣಗಳ ಬೆಲೆ ಯಾರು ಕಟ್ಟುವುದು, ಅವನ ಪಾಲನ್ನು ಎಷ್ಟು ಕಂತಿನಲ್ಲಿ ಕೊಡುವುದು, ಗಿರಾಕಿಗಳ ಪಟ್ಟಿ ಮತ್ತು ಅಂಗಡಿಯ ಫೋನ್ ನಂಬರ್ ಯಾರ ಬಳಿ ಉಳಿಯುವುದು. ಸಿಮ್ ಒಬ್ಬನ ಸ್ವಂತ ಹೆಸರಿನಲ್ಲಿ ಇದ್ದರೆ ಈಗಲೇ ಬದಲಾಯಿಸಿಕೊಳ್ಳಿ.